ಹನ್ನೊಂದು ಅಡಿ ನೀರು

ಬೆಳಿಗ್ಗೆ ಹತ್ತೂವರೆಗೆ ಅವಳು ಊರಿನವರೆದುರು ನಿಂತು ಅಪ್ಪನನ್ನು ಹೊಗಳಬೇಕಿತ್ತು. ಏಳೂಕಾಲಿಗೆ, ಆ ಹೊಗಳಿಕೆಗೆ ಬೇಕಾದ ಒಂದು ಇಸವಿಯನ್ನು ಹುಡುಕಲು ಹೋಗಿ, ಅಪ್ಪ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಸಂಗತಿಯನ್ನು ಓದಿಬಿಟ್ಟಳು.

ಅಪ್ಪ ತೀರಿಕೊಂಡು ಒಂದು ತಿಂಗಳಾಗಿತ್ತು. ತೊಂಬತ್ತೊಂದು ವರ್ಷ ಬದುಕಿದ ಮನುಷ್ಯ. ಇಪ್ಪತ್ತನಾಲ್ಕರ ಪ್ರಾಯದಲ್ಲಿ ಪುರಸಭೆಯ ಎಂಜಿನಿಯರಾಗಿ ಈ ಸಣ್ಣ ಊರಿಗೆ ಬಂದವರು ಮತ್ತೆ ಊರು ಬಿಡಲಿಲ್ಲ. ಚರಂಡಿಗಳ ಇಳಿಜಾರು, ಎರಡು ಕಿರುಸೇತುವೆ, ಬಸ್ ನಿಲ್ದಾಣದ ಚಾವಣಿ, ಆರು ಕಂಬಗಳ ಮೇಲೆ ನಿಂತ ನೀರಿನ ಟ್ಯಾಂಕು, ಎಲ್ಲವೂ ಅವರ ಪೆನ್ಸಿಲಿನಿಂದಲೇ ಇಳಿದದ್ದು. ಗೋಡೆ ನೆಟ್ಟಗಿದೆಯೇ ಎಂದು ನೋಡುವ ಹಿತ್ತಾಳೆಯ ತೂಗುಗುಂಡು ಸದಾ ಜೇಬಿನಲ್ಲಿರುತ್ತಿದ್ದುದರಿಂದ, ಕಡ್ಡಿಯಂತಿದ್ದ ಆ ಮನುಷ್ಯನಿಗೆ ಊರು ಇಟ್ಟ ಹೆಸರು ಗುಂಡು ಸಾಹೇಬರು.

ಮನೆಯಲ್ಲಿಯೂ ಅವರದು ಅದೇ ಕಣ್ಣು. ಗೋಡೆಯ ಪಟ ಒಂದು ಕೂದಲೆಳೆ ವಾಲಿದ್ದರೆ ಚಹಾದ ಲೋಟ ಮುಟ್ಟುತ್ತಿರಲಿಲ್ಲ. ಶಾಲೆಗೆ ಹೊರಟ ಮಗಳ ಬೈತಲೆಯನ್ನು ಸ್ಕೇಲಿಟ್ಟು ಎಳೆದಂತೆ ತೆಗೆದು ಜಡೆ ಹಾಕುತ್ತಿದ್ದವರು ಅಮ್ಮನಲ್ಲ, ಅವರೇ. ಮಗನಿಗೆ ಸೈಕಲ್ ಕಲಿಸಲು ಹಿಂದೆ ಓಡಿ ಮೊಣಕಾಲು ಮುರಿದುಕೊಂಡವರೂ ಅವರೇ. “ಮೊದಲ ಸಲ ನಮ್ಮನೆಗೆ ಬಂದಾಗ ನನ್ನ ಮುಖ ನೋಡ್ಲೇ ಇಲ್ಲ ಮಹಾರಾಯ್ರು, ನಮ್ಮ ಬಾಗಿಲ ಚೌಕಟ್ಟು ಸೊಟ್ಟಗಿದೆ ಅಂತ ಅದನ್ನೇ ನೋಡ್ತಾ ನಿಂತಿದ್ರು” ಎಂದು ಅಮ್ಮ ಇಂದಿಗೂ ಹೇಳುತ್ತಾಳೆ.

ಇದೆಲ್ಲವನ್ನೂ ಮಗಳು ನಾಲ್ಕು ಹಾಳೆಗಳಲ್ಲಿ ಬರೆದು ಮುಗಿಸಿದ್ದಳು. ಟ್ಯಾಂಕಿನ ಕೆಲಸ ಮುಗಿದ ಇಸವಿಯೊಂದು ಬಾಕಿ ಇತ್ತು. ತಾನು ಹುಟ್ಟಿದ ವರ್ಷ ಅದರ ಕೆಲಸ ನಡೆಯುತ್ತಿತ್ತು ಎಂದಷ್ಟೇ ಕೇಳಿ ಗೊತ್ತಿದ್ದುದರಿಂದ, ಕಪಾಟಿನಲ್ಲಿ ಸಾಲಾಗಿ ಜೋಡಿಸಿದ್ದ ಅಪ್ಪನ ಟಿಪ್ಪಣಿ ಪುಸ್ತಕಗಳಲ್ಲಿ ಆ ವರ್ಷದ್ದನ್ನು ಎಳೆದು ತೆರೆದಳು.

ಕಂಬಕ್ಕೆ ಕಾಂಕ್ರೀಟು ಹಾಕುವಾಗ ಅದರಲ್ಲೇ ಒಂದಿಷ್ಟನ್ನು ಕಬ್ಬಿಣದ ಅಚ್ಚಿಗೆ ತುಂಬಿಸಿ, ಗೇಣು ಅಗಲದ ಮೂರು ಕ್ಯೂಬ್‌ಗಳನ್ನು ಮಾಡಿಡುತ್ತಾರೆ. ಇಪ್ಪತ್ತೆಂಟನೆಯ ದಿನ ಅವುಗಳನ್ನು ಯಂತ್ರಕ್ಕೆ ಕೊಟ್ಟು ಒಡೆಸಿದರೆ ಕಂಬದ ಬಲ ಎಷ್ಟೆಂದು ತಿಳಿಯುತ್ತದೆ. ಇನ್ನೂರು ದಾಟಬೇಕು. ಪುಸ್ತಕದಲ್ಲಿ ಆರು ಕಂಬಗಳ ಅಂಕಿಗಳಿದ್ದವು. ಒಂದನೆಯದು ೨೧೨. ಎರಡನೆಯದು ೨೦೮. ಮೂರನೆಯದು ೧೧೭.

ಅದರ ಕೆಳಗೆ ಕೆಂಪು ಶಾಯಿಯಲ್ಲಿ ಅಪ್ಪನ ದುಂಡು ಅಕ್ಷರ:

“ಕಚೇರಿಯ ದಾಖಲೆಯಲ್ಲಿ ಮೂರನೆಯದನ್ನು ೨೧೦ ಎಂದು ಬರೆದಿದ್ದೇನೆ. ಅದು ಒಂದನೆಯ ಕಂಬದ ಇನ್ನೊಂದು ಕ್ಯೂಬಿನ ಬಲ. ಕಾಂಕ್ರೀಟು ಹಾಕಿದ ದಿನ ಮೂರು ಗಂಟೆ ನಾನು ಸ್ಥಳದಲ್ಲಿರಲಿಲ್ಲ. ಮೇಸ್ತ್ರಿ ಕಲಸಿಗೆ ನೀರು ಹೆಚ್ಚು ಹಾಕಿಸಿದ್ದಾನೆ. ತಪ್ಪು ಅವನದಲ್ಲ, ನಿಲ್ಲಬೇಕಾದವನು ನಾನು. ಟ್ಯಾಂಕು ತುಂಬಿದರೆ ಈ ಕಂಬ ತಡೆಯುವ ಭರವಸೆ ಇಲ್ಲ. ನೀರು ಹನ್ನೊಂದು ಅಡಿ ಮೀರಬಾರದು. ಅದಕ್ಕೆ ಮೀರಿದ ನೀರು ಹೊರಚೆಲ್ಲುವಂತೆ ಓವರ್‌ಫ್ಲೋ ಪೈಪನ್ನು ಒಳಗಿನಿಂದ ನಾಲ್ಕು ಅಡಿ ಕತ್ತರಿಸಿದ್ದೇನೆ. ಯಾರಿಗೂ ಗೊತ್ತಿಲ್ಲ.”

ಆ ಪುಟದಲ್ಲಿದ್ದ, ಕಾಂಕ್ರೀಟು ಹಾಕಿದ ದಿನಾಂಕವನ್ನು ಅವಳು ಎರಡು ಬಾರಿ ಓದಿದಳು. ಅದು ಅವಳು ಹುಟ್ಟಿದ ದಿನ.

ಅವಳು ಆಸ್ಪತ್ರೆಯ ರಕ್ತಪರೀಕ್ಷೆಯ ವಿಭಾಗದಲ್ಲಿ ಇಪ್ಪತ್ತೈದು ವರ್ಷ ದುಡಿದವಳು. ಒಬ್ಬರ ರಕ್ತದ ಅಂಕಿಯನ್ನು ಇನ್ನೊಬ್ಬರ ಹೆಸರಿಗೆ ಬರೆದ ಸಹೋದ್ಯೋಗಿಯನ್ನು ತಾನೇ ದೂರು ಕೊಟ್ಟು ಕೆಲಸದಿಂದ ತೆಗೆಸಿದ್ದಳು. ಅದನ್ನು ಮನೆಗೆ ಬಂದು ಹೇಳಿದ ಸಂಜೆ ಅಪ್ಪ ಊಟ ಮಾಡಿರಲಿಲ್ಲ. ಅಜೀರ್ಣ ಎಂದಿದ್ದರು.

ಆ ಪುಸ್ತಕದಲ್ಲಿ ಖಾಲಿ ಉಳಿದಿದ್ದ ಪುಟಗಳಲ್ಲಿ, ಆಮೇಲಿನ ಪ್ರತಿ ವರ್ಷವೂ ಅದೇ ದಿನ ಒಂದೇ ಸಾಲು. “ಹನ್ನೊಂದು ಅಡಿ. ಬಿರುಕಿಲ್ಲ.” ಇಪ್ಪತ್ತು ವರ್ಷಗಳ ಬಳಿಕ, “ಕೂದಲೆಳೆಯ ಬಿರುಕು, ಒಂದು ಗೇಣು.” ಕೊನೆಯ ಸಾಲು ಕಳೆದ ವರ್ಷದ್ದು, ಓರೆಯಾಗಿ ಇಳಿದದ್ದು: “ಬಿರುಕು ಎರಡು ಗೇಣು. ನಾನಿಲ್ಲದಿದ್ದರೂ ಪೈಪು ಇದೆ.”

ಪೈಪು ಇರಲಿಲ್ಲ.

ಮೇಜಿನ ಮೇಲಿದ್ದ ಆಮಂತ್ರಣ ಪತ್ರಿಕೆಯನ್ನು ಅವಳು ಮತ್ತೆ ನೋಡಿದಳು. ಪುರಸಭೆಯ ಹೊಸ ಎಂಜಿನಿಯರ್, ಅಪ್ಪನ ಮೇಲೆ ಅಪಾರ ಗೌರವವಿದ್ದ ಹೆಣ್ಣುಮಗಳು, ಟ್ಯಾಂಕಿನ ಓವರ್‌ಫ್ಲೋ ಪೈಪು ನಕ್ಷೆಯಲ್ಲಿರುವುದಕ್ಕಿಂತ ಗಿಡ್ಡವಾಗಿದೆಯೆಂದು ಕಳೆದ ವಾರ ಕಂಡುಹಿಡಿದು, ಹೊಸದನ್ನು ಹಾಕಿಸಿದ್ದಳು. ಆ ಸಂಭ್ರಮವನ್ನೇ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದಳು: “ನಲವತ್ತೊಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ, ಸಾಹೇಬರ ನೆನಪಿನಲ್ಲಿ, ಹದಿನೈದು ಅಡಿಯ ತುಂಬು ಟ್ಯಾಂಕು. ಸಭೆ ಟ್ಯಾಂಕಿನ ನೆರಳಿನಲ್ಲಿ.”

ಪಂಪು ಐದು ಗಂಟೆಗೇ ಶುರುವಾಗಿತ್ತು. ನಾಲ್ಕು ಅಡಿಯಿಂದ ಹೊರಟ ನೀರು ಅರ್ಧ ಗಂಟೆಗೆ ಒಂದು ಅಡಿಯಂತೆ ಏರುತ್ತಿತ್ತು. ಅವಳು ಬೆರಳು ಮಡಿಚಿ ಲೆಕ್ಕ ಹಾಕಿದಳು. ಎಂಟೂವರೆಗೆ ಹನ್ನೊಂದು ಅಡಿ. ಹತ್ತೂವರೆಗೆ, ಮುನ್ನೂರು ಕುರ್ಚಿಗಳಲ್ಲಿ ಜನ ಕೂತಿರುವಾಗ, ಹದಿನೈದು.

ಹೊಸ ಎಂಜಿನಿಯರಿಗೆ ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ.

ಪಕ್ಕದ ಕೋಣೆಯಲ್ಲಿ ಅಮ್ಮ ಸಭೆಗೆಂದು ತೆಗೆದಿಟ್ಟ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳು.

“ಅಮ್ಮ, ನಾನು ಹುಟ್ಟಿದ ದಿನ ಅಪ್ಪ ಎಲ್ಲಿದ್ರು?”

“ಎಲ್ಲಿರ್ತಾರೆ, ನನ್ನ ಸವತಿ ಹತ್ರ.” ಟ್ಯಾಂಕಿಗೆ ಅಮ್ಮ ಇಟ್ಟ ಹೆಸರು ಅದು. “ನೋವು ಶುರುವಾಯ್ತು ಅಂತ ಹೇಳಿ ಕಳಿಸಿದೆ. ಬರಲಿಲ್ಲ. ಮತ್ತೆ ಕಳಿಸಿದೆ. ಕಾಂಕ್ರೀಟ್ ಹಾಕ್ತಿದೀವಿ, ಬಿಟ್ಟು ಬರೋ ಹಾಗಿಲ್ಲ ಅಂದ್ರಂತೆ. ಮೂರನೇ ಸಲ, ನಾನು ಉಳಿಯಲ್ಲ ಅಂತ ಹೇಳಿ ಅಂದೆ.”

“ಬಂದ್ರಾ?”

“ಓಡ್ಕೊಂಡು ಬಂದ್ರು. ಮದುವೆಯಾಗಿ ಹನ್ನೆರಡು ವರ್ಷ, ಎರಡು ಕೂಸು ಹೊಟ್ಟೇಲೇ ಹೋಗಿದ್ವು ಕಣೆ. ಬರದೇ ಏನು ಮಾಡ್ತಾರೆ? ನೀನು ಅತ್ತ ಮೇಲೇ ವಾಪಸ್ ಹೋಗಿದ್ದು. ಮೂರು ಗಂಟೆ ಇದ್ದಿರಬೇಕು.” ಅಮ್ಮ ನಕ್ಕಳು. “ಆಮೇಲೆ ನಿನ್ನ ಹೆಸರಲ್ಲಿ ಒಂದು ಕಲ್ಲು ಬೇರೆ ತಂದ್ರಲ್ಲ.”

ಆ ಕಲ್ಲು ಕೋಣೆಯ ಬಾಗಿಲಿಗೆ ಒತ್ತುಗೊಟ್ಟುಕೊಂಡು ಅಲ್ಲೇ ಕೂತಿತ್ತು. ಗೇಣು ಅಗಲ, ಗೇಣು ಎತ್ತರ. ಒಂದು ಮುಖದಲ್ಲಿ ಮೊಳೆಯಿಂದ ಗೀಚಿದ ದಿನಾಂಕ, ಅದರ ಪಕ್ಕ ಮೂರು ಎಂಬ ಅಂಕಿ. ಮಗಳು ಹುಟ್ಟಿದ ನೆನಪಿಗೆ ಅಪ್ಪ ಮಾಡಿಸಿದ ಕಲ್ಲು ಎಂದು ಮನೆಯವರೆಲ್ಲ ನಂಬಿದ್ದರು. ಯಂತ್ರದಲ್ಲಿ ಒಡೆಯದೆ ಉಳಿದ ಮೂರನೆಯ ಕಂಬದ ಕ್ಯೂಬು ಅದು ಎಂದು ಅವಳಿಗೆ ಈಗ ಗೊತ್ತಾಯಿತು. ಇಡೀ ಬಾಲ್ಯ ಅವಳು ಅದರ ಮೇಲೆ ಕೂತು ಅಪ್ಪನಿಂದ ಜಡೆ ಹಾಕಿಸಿಕೊಂಡಿದ್ದಳು.

ಅಷ್ಟರಲ್ಲಿ ತಮ್ಮ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕಾರಿನ ಕೀ. ಅವನು ಮನೆ ಕಟ್ಟಿಸುವ ಗುತ್ತಿಗೆದಾರ. ಅಮ್ಮ ಹೇಳಿದ್ದನ್ನು ಅಕ್ಕ ತಗ್ಗಿದ ದನಿಯಲ್ಲಿ ಹೇಳಿ ಪುಸ್ತಕವನ್ನು ಮುಂದಿಟ್ಟಳು. ಅವನು ನಿಂತೇ ಓದಿದ, ಓದಿ ಅಮ್ಮನಿಗೆ ಕೇಳದಂತೆ ಬಾಗಿಲು ಹಾಕಿದ.

“ಅಮ್ಮನಿಗೆ ಹೇಳಿದ್ಯಾ?”

“ಇಲ್ಲ.”

“ಒಳ್ಳೇದಾಯ್ತು. ಪೈಪ್ ಸೋರ್ತಿದೆ, ಪಂಪ್ ನಿಲ್ಲಿಸಿ ಅನ್ನೋಣ. ಮುಗೀತು. ಪುಸ್ತಕ ಯಾಕೆ ಬೇಕು?”

“ಇವತ್ತು ನಿಲ್ಲಿಸ್ತಾರೆ. ಪೈಪ್ ನೋಡ್ತಾರೆ, ಸೋರ್ತಿರಲ್ಲ. ನಾಳೆ ತುಂಬಿಸ್ತಾರೆ.”

“ನಾಳೆದು ನಾಳೆ ನೋಡ್ಕೊಂಡ್ರಾಯ್ತು.”

“ಅಪ್ಪನೂ ಹಾಗೇ ಅಂದ್ಕೊಂಡಿದ್ದು ಕಣೋ. ನಲವತ್ತೊಂಬತ್ತು ವರ್ಷ.”

ತಮ್ಮನ ಮುಖ ಕೆಂಪಾಯಿತು. “ನಿಂಗೇನಕ್ಕ, ಆಸ್ಪತ್ರೇಲಿ ಕೂತು ಸೂಜಿ ಚುಚ್ಚೋ ಕೆಲಸ. ಗುಂಡು ಸಾಹೇಬರ ಮಗ ಅಂದ್ರೆ ಜನ ಕಣ್ಣು ಮುಚ್ಕೊಂಡು ನನ್ನ ಕೈಗೆ ಮನೆ ಒಪ್ಪಿಸ್ತಾರೆ. ತೊಂಬತ್ತೊಂದು ವರ್ಷ ಬದುಕಿದೋರು ಮೂರು ಗಂಟೆ ಮನೆಗೆ ಬಂದಿದ್ರು ಅಂತ ಮೈಕಲ್ಲಿ ಹೇಳ್ತೀಯಾ?”

“ಬಂದಿದ್ದು ತಪ್ಪಲ್ಲ. ೨೧೦ ಅಂತ ಬರೆದಿದ್ದು ತಪ್ಪು.”

“ಬಂದಿದ್ದು ನಿನಗೋಸ್ಕರ.”

ಆ ಮಾತು ತಾಗಬೇಕಾದಲ್ಲಿ ತಾಗಿತು. ಅವಳು ಪುಸ್ತಕವನ್ನು ಎದೆಗವಚಿಕೊಂಡು ಎದ್ದಳು. ಗಡಿಯಾರ ಎಂಟು ತೋರಿಸುತ್ತಿತ್ತು. ಇನ್ನೊಮ್ಮೆ ಫೋನ್ ಮಾಡಿದಳು. ಎತ್ತಲಿಲ್ಲ. ಸ್ಕೂಟರಿನ ಕೀ ತೆಗೆದುಕೊಂಡು ಹೊರಗೆ ನಡೆದಳು. ಹಿಂದೆ ತಮ್ಮನ ಕಾರು ಶುರುವಾದ ಸದ್ದು ಕೇಳಿಸಿತು.

ಟ್ಯಾಂಕಿನ ಕೆಳಗೆ ಶಾಮಿಯಾನ ಎದ್ದಿತ್ತು. ಮೈಕಿನವನು “ಹಲೋ, ಹಲೋ, ಒಂದು, ಎರಡು” ಎಂದು ಬೀದಿಯನ್ನೆಲ್ಲ ಎಬ್ಬಿಸುತ್ತಿದ್ದುದರಿಂದ ಯಾರ ಫೋನೂ ಯಾರಿಗೂ ಕೇಳಿಸುವಂತಿರಲಿಲ್ಲ. ಆರೂ ಕಂಬಗಳಿಗೆ ಹೊಸದಾಗಿ ತಿಳಿನೀಲಿ ಬಣ್ಣ ಬಳಿದಿದ್ದರು. ಟ್ಯಾಂಕಿನ ಹೊರಮೈಯಲ್ಲಿ ಅಡಿಗಳನ್ನು ಗುರುತಿಸಿದ ಉದ್ದನೆಯ ಹಲಗೆ. ಒಳಗೆ ತೇಲುವ ಡಬ್ಬಿಗೆ ಕಟ್ಟಿದ ತಂತಿಯ ಇನ್ನೊಂದು ತುದಿಯಲ್ಲಿ ಮುಳ್ಳು. ಒಳಗೆ ನೀರು ಏರಿದಂತೆ ಹೊರಗೆ ಮುಳ್ಳು ಇಳಿಯುತ್ತದೆ. ಅವಳು ಕತ್ತೆತ್ತಿ ನೋಡಿದಳು. ಹತ್ತೂವರೆ ಅಡಿ.

ಪಂಪಿನ ಮನೆಯ ಬಾಗಿಲಲ್ಲಿ ನೀರುಗಂಟಿ ಬೀಡಿ ಹಚ್ಚಿಕೊಂಡು ಕೂತಿದ್ದ. ಊರಿಗೆ ನೀರು ಬಿಡುವ ಕೆಲಸದಲ್ಲಿ ತಲೆ ಹಣ್ಣಾದವನು.

“ಪಂಪು ನಿಲ್ಸಿ” ಎಂದಳು ಅವಳು.

“ಬರೀ ಬಾಯಿಮಾತಿಗೆ ನಾನು ನಿಲ್ಸಲ್ಲ ತಾಯಿ. ನಿಮ್ಮಪ್ಪನೇ ಕಲಿಸಿದ್ದು. ಬರೆದು ಕೊಟ್ರೆ ಮಾತ್ರ ಮುಟ್ಟು, ಮುಖ್ಯಮಂತ್ರಿ ಬಂದು ಹೇಳಿದ್ರೂ ಮುಟ್ಟಬೇಡ ಅಂತ. ಎಂಜಿನಿಯರಮ್ಮ ಬರೆದು ಕೊಟ್ಟವ್ರೆ, ಹದಿನೈದು ಅಡಿ.” ಅವನು ಹೊಗೆ ಬಿಟ್ಟ. “ನಂಗೂ ಆಸೆ ಅದೆ ಅನ್ಕೊಳ್ಳಿ. ಇಷ್ಟು ವರ್ಷ ಹನ್ನೊಂದಕ್ಕೇ ಕಕ್ಕೋದು ಇದು. ಯಾಕೆ ಸಾಹೇಬ್ರೆ ಅಂದ್ರೆ, ಅದರ ಹೊಟ್ಟೆ ಅಷ್ಟೇ ಕಣಯ್ಯ ಅನ್ನೋರು.”

ಹೊಸ ಎಂಜಿನಿಯರ್ ವೇದಿಕೆಯ ಬಳಿ ಹೂಕುಂಡಗಳನ್ನು ಜೋಡಿಸುತ್ತಿದ್ದಳು. ಅಕ್ಕ ಅಲ್ಲಿಗೆ ತಲುಪುವ ಮೊದಲೇ ತಮ್ಮ ಕಾರಿನಿಂದಿಳಿದು ಅಡ್ಡ ಬಂದ.

“ಮೇಡಂ, ಅಮ್ಮನಿಗೆ ಹುಷಾರಿಲ್ಲ. ಇವತ್ತಿನ ಕಾರ್ಯಕ್ರಮ ಬೇಡ. ಪಂಪೂ ನಿಲ್ಸಿಬಿಡಿ.”

“ಅಯ್ಯೋ, ಏನಾಯ್ತು ಅಮ್ಮನಿಗೆ? ಸಭೆ ಬೇಕಾದ್ರೆ ಮುಂದಕ್ಕೆ ಹಾಕೋಣ ಸರ್. ಆದ್ರೆ ನೀರು ನಿಲ್ಸಕ್ಕಾಗಲ್ಲ. ಅಲ್ಲಿ ನೋಡಿ.”

ರಸ್ತೆಯಾಚೆ ಕೊಡಗಳ ಸಾಲು. ಕೊನೆಯ ಬೀದಿಯ ಹೆಂಗಸರು. ಎಲ್ಲ ಬೀದಿಗಳಿಗೂ ಒಟ್ಟಿಗೆ ನೀರು ಬಿಡುವಾಗ, ಟ್ಯಾಂಕಿನಲ್ಲಿ ನೀರು ಹದಿಮೂರು ಅಡಿ ದಾಟಿದರೆ ಮಾತ್ರ ಅವರ ನಲ್ಲಿಗಳಿಗೆ ಒತ್ತಡ ಸಿಗುತ್ತಿತ್ತು, ಎಂದರೆ ಎಂದೂ ಸಿಕ್ಕಿರಲಿಲ್ಲ. ಮನೆಯ ನಲ್ಲಿಯಲ್ಲಿ ಬರುತ್ತದೆಂದು ಪುರಸಭೆ ಹೇಳಿದ್ದರೂ ಅದನ್ನು ನಂಬದೆ, ಅಭ್ಯಾಸಬಲದಿಂದ ಕೊಡ ಹಿಡಿದೇ ಬಂದಿದ್ದರು. ಸಾಲಿನ ಮುಂದಿದ್ದ ದಪ್ಪ ದನಿಯ ಮುದುಕಿ ನೀರುಗಂಟಿಯನ್ನು ಛೇಡಿಸುತ್ತಿದ್ದಳು: “ಏನಯ್ಯ, ನಾನು ಸಾಯೋದ್ರೊಳಗೆ ನನ್ನ ನಲ್ಲಿ ಒಂದ್ಸಲ ಕೆಮ್ಮುತ್ತಾ?”

ಮುಳ್ಳು ಇನ್ನಷ್ಟು ಇಳಿದಿತ್ತು. ತಮ್ಮ ಅಕ್ಕನ ಮುಖ ನೋಡಿದ. ಆ ನೋಟದಲ್ಲಿ ಈಗ ಸಿಟ್ಟಿರಲಿಲ್ಲ, ಬೇಡಿಕೆ ಇತ್ತು. ಇನ್ನೊಂದು ಸುಳ್ಳು ಹೇಳಬಹುದಿತ್ತು. ನಾಳೆಗೆ ಮತ್ತೊಂದು. ಅಪ್ಪ ಒಂದು ಸುಳ್ಳಿಗೆ ಕಾವಲಾಗಿ ನಲವತ್ತೊಂಬತ್ತು ವರ್ಷ ಬೆಳಗಿನ ನಡಿಗೆಯನ್ನು ಟ್ಯಾಂಕಿನ ಕೆಳಗೇ ಮುಗಿಸಿದ್ದರು. ಅದು ಕೆಲಸದ ಮೇಲಿನ ಪ್ರೀತಿ ಎಂದು ಅವಳು ಭಾಷಣದ ಮೂರನೆಯ ಹಾಳೆಯಲ್ಲಿ ಬರೆದಿದ್ದಳು.

“ಅಮ್ಮ ಚೆನ್ನಾಗಿದಾರೆ” ಎಂದಳು ಅವಳು. ಪುಸ್ತಕವನ್ನು ಬಿಡಿಸಿ ಹೊಸ ಎಂಜಿನಿಯರಿನ ಕೈಗಿತ್ತಳು. “ಇದು ನಮ್ಮಪ್ಪನ ಅಕ್ಷರ. ಕೆಂಪು ಶಾಯೀದು ಓದಿ. ಬೇಗ ಓದಿ.”

ಎಂಜಿನಿಯರ್ ಓದಿದಳು. ಮುಗಿಸುವ ಮೊದಲೇ ಪಂಪಿನ ಮನೆಯತ್ತ ಓಡತೊಡಗಿದ್ದಳು. ಆಮಂತ್ರಣ ಪತ್ರಿಕೆಯ ಬೆನ್ನಿನ ಮೇಲೆಯೇ “ನಿಲ್ಲಿಸಿ” ಎಂದು ಬರೆದು ಸಹಿ ಹಾಕಿ ಕೊಟ್ಟಳು. ನೀರುಗಂಟಿ ಅದನ್ನು ಎರಡು ಬಾರಿ ಓದಿ, ಮಡಿಚಿ ಜೇಬಿಗಿಟ್ಟು, ಆಮೇಲೆ ಸ್ವಿಚ್ಚಿಗೆ ಕೈ ಹಾಕಿದ. ಸದ್ದು ನಿಂತಾಗ ಮುಳ್ಳು ಹನ್ನೊಂದರ ಗೆರೆಯ ಮೇಲೆ ಕೂತಿತ್ತು.

ಮೂರನೆಯ ಕಂಬದ ಬಳಿ ಎಂಜಿನಿಯರ್ ಚಾಕುವಿನಿಂದ ಹೊಸ ಬಣ್ಣವನ್ನು ಕೆರೆದಳು. ನೀಲಿ ಹುಡಿ ಉದುರಿತು. ಅಡಿಯಲ್ಲಿ ಬಿರುಕು. ಎರಡು ಗೇಣಲ್ಲ. ಅವಳು ಕೆರೆಯುತ್ತಲೇ ಹೋದಳು, ಕೈ ಎಟುಕದ ಎತ್ತರಕ್ಕೆ ಹೋದ ಮೇಲೆ ನಿಲ್ಲಿಸಿದಳು. ಒಂದು ಕಡೆ ಬೆರಳಿನ ಉಗುರು ಒಳಗೆ ಹೋಯಿತು.

“ಕುರ್ಚಿಗಳನ್ನ ರಸ್ತೆ ಆಚೆ ಹಾಕ್ಸಿ” ಎಂದು ಮೈಕಿನವನಿಗೆ ಕೂಗಿ ಹೇಳಿದಳು. ಬಳಿಕ ನೀರುಗಂಟಿಗೆ, “ಬೇರೆ ವಾಲ್ವ್ ಎಲ್ಲಾ ಮುಚ್ಚಿ, ಕೊನೇ ಬೀದಿದು ಒಂದೇ ತೆಗೀರಿ. ಏಳು ಅಡಿಗೆ ಇಳಿಬೇಕು.”

ಬೇರೆ ಬೀದಿಗಳನ್ನೆಲ್ಲ ಮುಚ್ಚಿದರೆ ಕೊನೆಯ ಬೀದಿಗೆ ನೀರು ಹೋಗುತ್ತದೆ ಎಂಬುದು ಆಗ ಎಲ್ಲರಿಗೂ ಕಾಣಿಸಿತು. ಕೊಡಗಳ ಸಾಲು ಚದುರಿ ಮನೆಗಳತ್ತ ಓಡಿತು.

“ಇದನ್ನ ಸರಿ ಮಾಡೋಕೆ ಆಗಲ್ವಾ?” ಎಂದು ಮಗಳು ಕೇಳಿದಳು.

“ಆಗುತ್ತೆ. ಕಂಬದ ಸುತ್ತ ಕಬ್ಬಿಣ ಕಟ್ಟಿ ಇನ್ನೊಂದು ಪದರ ಕಾಂಕ್ರೀಟ್ ಹಾಕಿದ್ರಾಯ್ತು. ಮೂರು ವಾರದ ಕೆಲಸ.”

“ಆಗಲೂ ಆಗ್ತಿತ್ತಾ? ನಲವತ್ತೊಂಬತ್ತು ವರ್ಷದ ಹಿಂದೆ?”

ಹೊಸ ಎಂಜಿನಿಯರ್ ಚಾಕುವನ್ನು ಮಡಿಚಿದಳು. “ಆಗಲೂ ಮೂರೇ ವಾರ ಮೇಡಂ. ಯಾಕೆ ಅಂತ ಕೇಳಿದ್ರೆ ಹೇಳಬೇಕಿತ್ತು, ಅಷ್ಟೆ.”

ಹತ್ತೂವರೆಗೆ ಸಭೆ ರಸ್ತೆಯಾಚೆಯ ಸಂತೆಕಟ್ಟೆಯ ಚಾವಣಿಯ ಕೆಳಗೆ ಸೇರಿತು. ಅಮ್ಮನನ್ನು ನೆರೆಯವರು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ತಮ್ಮ ಕೊನೆಯ ಸಾಲಿನಲ್ಲಿ ನಿಂತಿದ್ದ. ಮಗಳು ನಾಲ್ಕು ಹಾಳೆಗಳನ್ನು ಪುಸ್ತಕದ ಅಡಿಗಿಟ್ಟು ಕೆಂಪು ಶಾಯಿಯ ಪುಟವನ್ನು ಓದಿದಳು. ಒಂದೂ ಮಾತು ಸೇರಿಸಲಿಲ್ಲ, ಒಂದನ್ನೂ ಬಿಡಲಿಲ್ಲ. ದಿನಾಂಕ ಬಂದಾಗ ಅಮ್ಮ ತಲೆಯೆತ್ತಿದಳು. ಆ ಮುಖವನ್ನು ನೋಡಬಾರದೆಂದು ಮಗಳು ಕಣ್ಣನ್ನು ಪುಟದಿಂದ ಕೀಳಲಿಲ್ಲ.

ಮುಗಿದಾಗ, ಒದ್ದೆ ಸೆರಗಿನಲ್ಲೇ ಬಂದು ಕೂತಿದ್ದ ಕೊನೆಯ ಬೀದಿಯ ಮುದುಕಿ ಎದ್ದು ನಿಂತಳು.

“ಮೂರು ವಾರದ ಕೆಲಸ ಅಂತೆ, ಹೌದಾ?”

“ಹೌದು” ಎಂದಳು ಮಗಳು.

“ನಾನು ಮದುವೆಯಾಗಿ ಬಂದಾಗಿಂದ ಹೊತ್ತಿದೀನಿ. ಸೊಂಟ ನೋಡು.” ಮುದುಕಿ ಸೊಂಟದ ಮೇಲೆ ಕೈಯಿಟ್ಟು ತಿರುಗಿ ತೋರಿಸಿದಳು. “ನಿಮ್ಮಪ್ಪ ನಮ್ಮ ಬೀದಿಗೆ ಬಂದಾಗೆಲ್ಲ ನಾನು ವಾಚಾಮಗೋಚರ ಬೈತಿದ್ದೆ. ಒಂದು ದಿನಾನೂ ತಿರುಗಿ ಮಾತಾಡಲಿಲ್ಲ. ಒಳ್ಳೇ ಮನುಷ್ಯ, ಅದಕ್ಕೇ ಸುಮ್ನಿದಾನೆ ಅಂದ್ಕೊಂಡಿದ್ದೆ.”

ಅಮ್ಮ ಕುರ್ಚಿ ಹಿಡಿದು ಎದ್ದಳು. ಅವಳ ಮಾತು ಮೈಕಿಗೆ ಸಿಗಲಿಲ್ಲ, ಹತ್ತಿರವಿದ್ದವರಿಗಷ್ಟೇ ಕೇಳಿಸಿತು. “ಕರೆಸಿದ್ದು ನಾನು. ಉಳಿಯಲ್ಲ ಅಂದಿದ್ದು ಸುಳ್ಳು. ಅಷ್ಟೇನೂ ಆಗಿರಲಿಲ್ಲ ನಂಗೆ. ಬರಲಿ ಅಂತ ಅಂದೆ.”

ಮುದುಕಿ ಅವಳ ಕಡೆ ತಿರುಗಿದಳು. “ನಾನೂ ಹಾಗೇ ಅಂತಿದ್ದೆ ಬಿಡಿ” ಎಂದು ಕೂತಳು. ಅದು ಕ್ಷಮೆಯಾಗಿರಲಿಲ್ಲ. ಮರುಕ್ಷಣವೇ ಪಕ್ಕದವಳಿಗೆ, “ಆದ್ರೆ ಆ ಯಪ್ಪ ಹೇಳಬೇಕಿತ್ತು” ಎಂದದ್ದೂ ಎಲ್ಲರಿಗೂ ಕೇಳಿಸಿತು.

ಆಗ ಕೊನೆಯ ಸಾಲಿನಲ್ಲಿ ಅಲುಗಾಟವಾಯಿತು. ತಮ್ಮ ಜನರನ್ನು ಸರಿಸಿಕೊಂಡು ಹೊರಗೆ ಹೋಗುತ್ತಿದ್ದ. ಸಿಟ್ಟಾಗಿ ಎದ್ದು ಹೋದ ಎಂದು ಯಾರೋ ಪಿಸುಗುಟ್ಟಿದರು. ಅಕ್ಕನೂ ಹಾಗೆಯೇ ತಿಳಿದಳು. ಮೈಕು ಬಿಟ್ಟು ಹಿಂದೆ ಹೋದಳು. ಕಟ್ಟೆಯ ಮೂಲೆ ತಿರುಗಿದಾಗ ಅವನು ಬೆನ್ನು ತಿರುಗಿಸಿ, ತಾನು ಕಟ್ಟಿಸುತ್ತಿದ್ದ ಮನೆಯೊಂದರ ಮೇಸ್ತ್ರಿಯೊಡನೆ ಫೋನಿನಲ್ಲಿ ಮಾತಾಡುತ್ತಿದ್ದ.

“ಎಷ್ಟು ಕಂಬ ಆಯ್ತು? ... ನಾನು ಬರ್ತೀನಿ ಅಂದಿದ್ನಲ್ಲೋ, ಶುರು ಮಾಡು ಅಂದೋರ್ಯಾರು? ... ಹೌದು, ನಾನೇ ಅಂದಿದ್ದೆ. ಈಗ ನಿಲ್ಸು. ಒಂದು ಬಾಂಡ್ಲಿ ಕಾಂಕ್ರೀಟೂ ಹಾಕಬೇಡ. ಕಲಸಿದ್ದು ಒಣಗಿ ಹೋದ್ರೆ ಹೋಗ್ಲಿ. ಆಗಿರೋ ಎರಡರದು ಕ್ಯೂಬ್ ತೆಗ್ದಿದೀಯಾ? ... ತೆಗ್ದಿಲ್ವಾ?”

ಅವನು ಜೇಬಿನಿಂದ ಕಾರಿನ ಕೀ ಹೊರತೆಗೆದ. ಆಮೇಲೆ, “ಹಾಗಾದ್ರೆ ಎರಡನ್ನೂ ಒಡೀಬೇಕು. ಹೌದು ಕಣಯ್ಯ, ಒಡೀಬೇಕು. ಮನೆ ಮಾಲೀಕರಿಗೆ ನಾನೇ ಹೇಳ್ತೀನಿ” ಎಂದ.

ತಿರುಗಿದಾಗ ಅಕ್ಕ ನಿಂತಿದ್ದಳು. ಇಸ್ತ್ರಿ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಅವಳು ಏನೋ ಹೇಳಹೊರಟಳು.

“ಬೇಡ” ಎಂದ ಅವನು. “ನಿನ್ನ ಮೇಲೆ ನಂಗಿನ್ನೂ ಸಿಟ್ಟಿದೆ. ಅಮ್ಮನ್ನ ನೀನೇ ಮನೆಗೆ ಕರ್ಕೊಂಡ್ಹೋಗು.”

ಅವನ ಕಾರು ರಸ್ತೆಯ ಜನರ ನಡುವೆ ಹಾರನ್ನಿನ ಮೇಲೆ ಹಾರನ್ನು ಹೊಡೆಯುತ್ತಾ, ತೀರಾ ಅವಸರದಲ್ಲಿ ಹೋಯಿತು.